ಯಾವ ದೇಶ ಎಂದು ಕೇಳಿದಾಗ

ಪೂಜಿತಾ ಹುಟ್ಟಿ ಬೆಳೆದದ್ದು ಅಮೆರಿಕದ ಡಲ್ಲಾಸ್‌ನಲ್ಲಿ. ಕನ್ನಡ ಕಲಿತದ್ದು ಉಡುಪಿಯ ಅಪ್ಪ ಅಮ್ಮನಿಂದ. ಡಚ್ ಪಟ್ಟಣ ಡೆಲ್ಫ್ಟ್‌ಗೆ ಓದಲು ಬಂದ ಮೇಲೆ ಅವಳು ತನ್ನ ದೇಶದ ಹೆಸರು ಹೇಳುವುದನ್ನೇ ಕಡಿಮೆ ಮಾಡಿದ್ದಳು. ಹೇಳಿದರೆ ಸಾಕು, ಮನೆಯಲ್ಲಿ ಎಷ್ಟು ಬಂದೂಕುಗಳಿವೆ ಎಂದು ಯಾರಾದರೂ ನಗುತ್ತ ಕೇಳುತ್ತಿದ್ದರು.

ಆ ಶನಿವಾರ ಮಧ್ಯಾಹ್ನ ಸಹಪಾಠಿ ಶಮಂತ್ ಜೊತೆ ರೋಟರ್‌ಡ್ಯಾಂ ರೈಲು ಹತ್ತಿದಳು. ಪಕ್ಕದ ಸಾಲಿನಲ್ಲಿ ನಾಲ್ವರು ಗಂಡಸರು ಬಿಯರ್ ಕುಡಿಯುತ್ತ ಕೂತಿದ್ದರು. ತಮ್ಮನ ಫೋನ್ ಬಂತು. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಇಡುವಷ್ಟರಲ್ಲಿ ಅವರಲ್ಲೊಬ್ಬ ಎದ್ದು ಬಂದು ಅವಳ ಸೀಟಿಗೆ ಕೈಯೂರಿ ನಿಂತ.

“ಯಾವ ದೇಶ? ಅಮೆರಿಕಾನಾ?”

ಪೂಜಿತಾ ಶಮಂತ್ ಕಡೆ ನೋಡಿದಳು.

“ಇಂಡಿಯಾ ಅಂದ್ಬಿಡು. ಸುಮ್ನೆ ರಿಸ್ಕ್ ಬೇಡ,” ಎಂದು ಶಮಂತ್ ಕನ್ನಡದಲ್ಲಿ ಪಿಸುಗುಟ್ಟಿದ.

“ಇಂಡಿಯಾ,” ಎಂದಳು.

“ಹಾಗಾದ್ರೆ ಸಾರಿ. ನೀವು ಒಳ್ಳೇ ಜನ,” ಎಂದು ಅವನು ಅವಳ ಭುಜ ತಟ್ಟಿದ. ಅವಳಿಗೆ ಮೈಯೆಲ್ಲ ಮುದುಡಿಹೋಯಿತು.

ಅಷ್ಟರಲ್ಲಿ ಹಿಂದಿನ ಸೀಟಿನ ಮುದುಕರೊಬ್ಬರು, ಇಳಿಯುವುದು ಎಲ್ಲಿ ಎಂದು ಹೆಂಡತಿಯನ್ನು ಗಟ್ಟಿಯಾಗಿ ಕೇಳಿದರು. ಅಪ್ಪಟ ಟೆಕ್ಸಸ್ ಉಚ್ಚಾರಣೆ, ಅವಳ ಡಲ್ಲಾಸ್‌ನಲ್ಲಿ ಕೇಳುವಂಥದ್ದೇ. ನಾಲ್ವರೂ ಅತ್ತ ತಿರುಗಿದರು. ಒಬ್ಬ ಮುದುಕರ ಟೋಪಿ ಕಿತ್ತು ತನ್ನ ತಲೆಗಿಟ್ಟುಕೊಂಡ. “ಈ ಸಲ ಯಾರ ಮೇಲೆ ಬಾಂಬ್ ಹಾಕೋಕೆ ಬಂದ್ರಿ?” ಎಂದ ಇನ್ನೊಬ್ಬ. ಮುದುಕರು ತಮಾಷೆಯೆಂಬಂತೆ ನಗಲು ನೋಡಿದರು. ಬೋಗಿಯಲ್ಲಿ ಯಾರೂ ಫೋನಿನಿಂದ ತಲೆ ಎತ್ತಲಿಲ್ಲ.

ಪೂಜಿತಾ ಎದ್ದಳು. ಶಮಂತ್ ತೋಳು ಹಿಡಿದೆಳೆದ. “ಕೂತ್ಕೊಳೇ, ತಲೆ ಕೆಟ್ಟಿದೆಯಾ?”

“ಟೋಪಿ ಕೊಟ್ಬಿಡಿ,” ಎಂದಳು. ಧ್ವನಿ ಅವಳದೇ ಅನಿಸಲಿಲ್ಲ. “ನಾನೂ ಅಮೆರಿಕದವಳೇ. ಆಗ ಸುಳ್ಳು ಹೇಳಿದೆ.”

ಮೊದಲು ಬಂದವನು ನಿಧಾನವಾಗಿ ಹತ್ತಿರ ಬಂದ. ಅವನ ಬಿಸಿಯುಸಿರು ಮುಖಕ್ಕೆ ತಾಗಿತು. ಕೈಯಲ್ಲಿದ್ದ ಬಿಯರ್ ಡಬ್ಬಿಯನ್ನು ಅವಳ ಕಾಲ ಬಳಿ ಅಪ್ಪಳಿಸಿದ. ಪೂಜಿತಾ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಶಮಂತ್ ಇಬ್ಬರ ನಡುವೆ ನಿಂತಿದ್ದ.

ರೈಲು ನಡುವಿನ ಸ್ಕೀಡಾಮ್ ನಿಲ್ದಾಣದಲ್ಲಿ ನಿಂತಿತು. ಆಚೆ ಬದಿಯ ಹೆಂಗಸೊಬ್ಬಳು ಯಾವಾಗ ಎದ್ದು ಹೋಗಿದ್ದಳೋ, ಕಂಡಕ್ಟರನ್ನು ಕರೆತಂದಳು. ನಾಲ್ವರೂ ಟೋಪಿ ಎಸೆದು ಇಳಿದರು. ಹೊರಗಿನಿಂದ ಕಿಟಕಿಯ ಗಾಜಿಗೆ ಗುದ್ದಿದರು. ಒಂದೊಂದು ಗುದ್ದಿಗೂ ಪೂಜಿತಾ ಬೆಚ್ಚಿದಳು.

ಮುದುಕರ ಹೆಂಡತಿ ಬಂದು ಅವಳ ಕೈ ಹಿಡಿದರು. “ನಿಂದು ಯಾವೂರಮ್ಮ?”

ಪೂಜಿತಾ ಇನ್ನೂ ಕಿಟಕಿಯನ್ನೇ ನೋಡುತ್ತಿದ್ದಳು. “ಡಲ್ಲಾಸ್,” ಎಂದು ಶಮಂತ್ ಹೇಳಿದ.

ರೋಟರ್‌ಡ್ಯಾಂ ಬಂತು. ಪ್ಲಾಟ್‌ಫಾರ್ಮಿನ ಜನವೆಲ್ಲ ಕರಗುವ ತನಕ ಅವಳು ಒಂದೊಂದು ಮುಖವನ್ನೂ ನೋಡುತ್ತ ಬಾಗಿಲಲ್ಲೇ ನಿಂತಿದ್ದಳು.