ಮಂಗಳದಲ್ಲಿ ಸೈಕಲ್ ಬೆಲ್ಲು

ವಿಜ್ಞಾನ ಸಂಗ್ರಹಾಲಯದ ಮುಖ್ಯಸ್ಥರಿಗೆ ಮಂಗಳ ಗ್ರಹವೆಂದರೆ ಸಿನಿಮಾದ ಮಂಗಳ. ಹೊಸ ಕೋಣೆಗೆ ಕಾಲಿಟ್ಟವರ ಎದೆ ನಡುಗುವಂತೆ ಬಿರುಗಾಳಿ ಬೊಬ್ಬಿಡಬೇಕು, ಗೋಡೆಯೆಲ್ಲ ಕೆಂಡ ಕಾರಬೇಕು ಎಂದು ಪಟ್ಟು ಹಿಡಿದಿದ್ದರು. ಸದ್ದು ಕೂಡಿಸುವ ಕೆಲಸದವಳು ಅದಕ್ಕೆ ಸೊಪ್ಪು ಹಾಕಲಿಲ್ಲ. ಅಲ್ಲಿಯ ಗಾಳಿ ತೀರ ತೆಳು, ಕೀಚಲು ದನಿಗಳೆಲ್ಲ ದಾರಿಯಲ್ಲೇ ಕರಗಿಹೋಗುತ್ತವೆ, ಉಳಿಯುವುದು ಗುಂಯ್ಯೆನ್ನುವ ದಪ್ಪ ದನಿ ಮಾತ್ರ ಎಂದು ತಿಳಿಹೇಳಿ, ಎರಡು ಗುಂಡಿಗಳ ಪೆಟ್ಟಿಗೆಯೊಂದನ್ನು ಸಿದ್ಧಮಾಡಿದಳು. ಒಂದನ್ನು ಒತ್ತಿದರೆ ಗುಬ್ಬಚ್ಚಿ, ಸೈಕಲ್ ಬೆಲ್ಲು ಭೂಮಿಯಲ್ಲಿ ಕೇಳುವ ಹಾಗೆ. ಇನ್ನೊಂದನ್ನು ಒತ್ತಿದರೆ ಅವೇ ಸದ್ದುಗಳು ಮಂಗಳದಲ್ಲಿ ಕೇಳುವ ಹಾಗೆ.

ಮನೆಯಲ್ಲಿ ಅವಳ ತಲೆ ತಿನ್ನುತ್ತಿದ್ದುದು ಬೇರೆಯೇ. ಅಪ್ಪನ ಕಿವಿ ಮಂದವಾಗಿತ್ತು. ಹಾಗೆಂದು ಅವರೆದುರು ಬಾಯಿಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ರೈಲ್ವೆ ಗಾರ್ಡಾಗಿ ಕಾಲವೆಲ್ಲ ಸೀಟಿ ಊದಿದ ಅಪ್ಪ, ತಮ್ಮ ಕಿವಿ ಅಪ್ಪಟ ಚಿನ್ನ, ಈಚಿನ ಜನವೇ ಬಾಯಲ್ಲಿ ಗೋಲಿ ಇಟ್ಟುಕೊಂಡು ಮಾತಾಡುತ್ತಾರೆ ಎನ್ನುತ್ತಿದ್ದರು. ಹೋದ ವಾರ ಹಿಂದಿನಿಂದ ಬಂದ ಸೈಕಲ್ ತಾಗಿ ಮೊಣಕೈ ತರಚಿಕೊಂಡು ಬಂದಾಗಲೂ ತಪ್ಪೆಲ್ಲ ಬೆಲ್ ಹೊಡೆಯದವನದ್ದೇ. ಮುಂದಿನ ಸಲ ಬರುವುದು ಸೈಕಲ್ಲೇ ಎಂದು ಏನು ಖಾತ್ರಿ? ಕಿವಿ ಡಾಕ್ಟರ ಮಾತೆತ್ತಿದರೆ ಮಾತ್ರ ಅದು ಹೇಗೋ ಕೇಳಿಸಿ, ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದರು.

ಕೋಣೆ ತೆರೆಯುವ ಹಿಂದಿನ ದಿನ ಅಪ್ಪ ಅಮ್ಮನನ್ನು ಕರೆಸಿದಳು. ಪರೀಕ್ಷೆ ಮಾಡುವ ಯೋಚನೆಯೇನೂ ಇರಲಿಲ್ಲ. ಮಗಳ ಕೆಲಸ ನೋಡಲಿ ಎಂಬುದಷ್ಟೇ. ಮೊದಲು ಹೆಡ್‌ಫೋನ್ ಹಾಕಿಕೊಂಡ ಅಮ್ಮ, ಮಂಗಳಕ್ಕೆ ಹೋದ ಗುಬ್ಬಚ್ಚಿಗೆ ನೆಗಡಿಯಾಗಿದೆಯೇ ಎಂದು ವಿಚಾರಿಸಿದಳು. ಆಮೇಲೆ ಅಪ್ಪ ಕೂತರು. ಒಂದು ಗುಂಡಿ ಒತ್ತಿದರು. ಇನ್ನೊಂದನ್ನು ಒತ್ತಿದರು. ಮತ್ತೆ ಮೊದಲಿನದು. ಬಲ್ಲವರ ಹಾಗೆ ತಲೆದೂಗಿ ಹೆಡ್‌ಫೋನ್ ತೆಗೆದರು.

"ಚೆನ್ನಾಗಿದೆ ಮಗಳೇ. ಆದ್ರೆ ಎರಡರಲ್ಲೂ ಒಂದೇ ಹಾಕಿದ್ದೀಯಲ್ಲ."

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಗಳಿಗೆ ನಗು ಬರಲಿಲ್ಲ. ವೈರು ತಪ್ಪಿದೆ ಎಂದುಬಿಟ್ಟರೆ ಅಪ್ಪನ ಮರ್ಯಾದೆ ಉಳಿಯುತ್ತಿತ್ತು; ಆ ಸುಳ್ಳು ನಾಲಗೆಯ ತುದಿಗೂ ಬಂದಿತ್ತು. ನುಂಗಿಕೊಂಡಳು.

"ಎರಡೂ ಬೇರೆಬೇರೆನೇ ಅಪ್ಪ. ನಿಮಗೆ ಮಾತ್ರ ಎರಡು ಕಡೆನೂ ಮಂಗಳವೇ ಕೇಳ್ತಿದೆ."

ಅಪ್ಪ ಗುಂಡಿಗಳನ್ನೇ ನೋಡುತ್ತ ಕೂತರು. ಅವಳು ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಳು.

"ಅಂದ್ರೆ ನಾನು ಅಲ್ಲಿಗೆ ಹೋಗಿ ಎಷ್ಟು ವರ್ಷ ಆಗಿರಬಹುದು?"

ನಾಲ್ಕೈದಾದರೂ ಆಗಿರಬೇಕು ಎಂದಳು.

"ರಾಕೆಟ್ಟೂ ಇಲ್ದೆ," ಎಂದು ಅಪ್ಪ ಗೊಣಗಿದರು. "ಈ ವಿಜ್ಞಾನಿಗಳು ಸುಮ್ನೆ ಒದ್ದಾಡ್ತಾರೆ."

ಆಮೇಲೆ ಇನ್ನೊಮ್ಮೆ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ಗುಬ್ಬಚ್ಚಿಗಾಗಿ ತುಂಬ ಹೊತ್ತು ಕಾದರು.

ಮೂವರೂ ಹೊರಗಿನ ಮೆಟ್ಟಿಲಿಳಿಯುವಾಗ ಅಮ್ಮ ಎಂದಿನಂತೆ ಏನೋ ಹೇಳುತ್ತ ಬರುತ್ತಿದ್ದಳು. ಕೇಳಿಸದ ಮಾತಿಗೆಲ್ಲ ಹೂಂಗುಟ್ಟಿ ಸಾಗಹಾಕುತ್ತಿದ್ದ ಅಪ್ಪ ಈ ಸಲ ನಿಂತರು. ಹೆಂಡತಿಯ ಕಡೆ ತಿರುಗಿ, ಬಗ್ಗಿ, ಕಿವಿಗೆ ಕೈ ಹಚ್ಚಿದರು.

"ಕೇಳಿಸ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು."

ಮಗಳು ಆಗಲೇ ಕಿವಿ ಡಾಕ್ಟರಿಗೆ ಫೋನು ಹಚ್ಚಿದ್ದಳು. ಅಮ್ಮ ಮಾತ್ರ ತಬ್ಬಿಬ್ಬಾಗಿ ನಿಂತಿದ್ದಳು. ತಾನು ಏನು ಹೇಳುತ್ತಿದ್ದೆನೆಂಬುದೇ ಅವಳಿಗೆ ಮರೆತುಹೋಗಿತ್ತು.