ತೊಂಬತ್ತು ಅಡಿಗೆ ಎಡಕ್ಕೆ

ಬೇಸ್‌ಬಾಲ್ ಆಡುವವರು ಕ್ರೀಡಾಪಟುಗಳೇ ಅಲ್ಲ ಎಂದು ಹಾಲ್ವರ್ ಲುಂಡೆ ಹೇಳಿದ್ದು ಕ್ಷೌರದಂಗಡಿಯಲ್ಲಿ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದಾಗ. ಮಿನೆಸೋಟದ ಎಲ್‌ಬಾಕ್ ಊರಿನಲ್ಲಿ ಅಂಥ ಮಾತನ್ನು ಕುತ್ತಿಗೆಯ ಬಳಿ ಕತ್ತಿ ಇರುವಾಗ ಆಡಬಾರದೆಂಬುದು ಅವನಿಗಿನ್ನೂ ತಿಳಿದಿರಲಿಲ್ಲ. ಅಲ್ಲಿನ ಪ್ರೌಢಶಾಲೆಗೆ ವ್ಯಾಯಾಮದ ಮೇಷ್ಟರಾಗಿ ಬಂದು ಐದೇ ತಿಂಗಳಾಗಿತ್ತು. ಕಾಲೇಜಿನ ದಿನಗಳಲ್ಲಿ ಓಟ, ಜಿಗಿತ, ಎಸೆತಗಳ ಹತ್ತು ಸ್ಪರ್ಧೆಗಳಲ್ಲೂ ಹೆಸರು ಮಾಡಿದ್ದ ನಾರ್ವೆ ಮೂಲದ ತರುಣ ಅವನು. ಎಲುಬು, ಸ್ನಾಯು ಬಿಟ್ಟರೆ ಮೈಯಲ್ಲಿ ಮತ್ತೇನೂ ಇರಲಿಲ್ಲ.

“ಅಲ್ರೀ, ಮೂರು ಗಂಟೆ ಆಟದಲ್ಲಿ ಎರಡೂವರೆ ಗಂಟೆ ನಿಂತಿರ್ತಾರೆ,” ಎಂದು ಅವನು ಕನ್ನಡಿಗೆ ಹೇಳಿದ. “ಉಗುಳ್ತಾರೆ, ಪ್ಯಾಂಟ್ ಮೇಲಕ್ಕೆಳ್ಕೋತಾರೆ. ನಿಮ್ಮ ಕ್ಯಾಚರ್ ಅಂತೂ ಕೂತೇ ಇರ್ತಾನೆ. ಕೂತವನೂ ಕ್ರೀಡಾಪಟು ಅಂದ್ರೆ, ಕಾವಿಗೆ ಕೂತ ಕೋಳಿಗೂ ಒಂದು ಪದಕ ಕೊಡ್ಬೇಕಾಗುತ್ತೆ.”

ಸರದಿ ಕಾಯುತ್ತ ಬೆಂಚಿನ ಮೇಲಿದ್ದ ಲಿಯಾಂಡರ್ ಹೆಮ್ಮೆಶ್ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿದ. ಆ ಕ್ಯಾಚರ್ ಅವನೇ. ಮೂವತ್ತೆಂಟರ ವಯಸ್ಸಿಗಾಗಲೇ ಹತ್ತೊಂಬತ್ತು ಬೇಸಿಗೆಗಳನ್ನು ಬ್ಯಾಟುಗಾರರ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡು ಹಿಡಿಯುವುದರಲ್ಲಿ ಕಳೆದಿದ್ದ. ವಾರದ ಆರು ದಿನ ಬೆಣ್ಣೆ ಕಾರ್ಖಾನೆಯಲ್ಲಿ ಹಾಲಿನ ಕ್ಯಾನು ಎತ್ತುವ ಕೆಲಸ. ಗಿಡ್ಡ ಮೈ, ದಪ್ಪ ಸೊಂಟ; ಬಲಗೈಯ ಎರಡು ಬೆರಳುಗಳು ಮುರಿದು ಕೂಡಿಕೊಂಡು, ಮುನಿಸಿಕೊಂಡ ಅಣ್ಣತಮ್ಮಂದಿರಂತೆ ಬೇರೆ ಬೇರೆ ದಿಕ್ಕು ನೋಡುತ್ತಿದ್ದವು.

“ಮೇಷ್ಟ್ರೇ,” ಎಂದ ಲಿಯಾಂಡರ್, “ಕೋಳಿ ಕೂತಲ್ಲಿ ಮೊಟ್ಟೆ ಇಡುತ್ತೆ. ನೀವು ಅಷ್ಟು ದೂರ ಓಡಿ ಏನಿಡ್ತೀರಿ?”

ಅಂಗಡಿಯೆಲ್ಲ ನಕ್ಕಿತು. ಹಾಲ್ವರನೂ ನಕ್ಕ. ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅದರ ಹಿಂದೆ ನೆಲದ ಪ್ರಶ್ನೆಯಿತ್ತು. ಶಾಲೆಗೊಂದು ಓಟದ ಪಥ ಬೇಕೆಂದು ಹಾಲ್ವರ್ ಚರ್ಚಿನ ಮಂಡಳಿಗೆ ಮನವಿ ಕೊಟ್ಟಿದ್ದ. ಏರಿಳಿತದ ಆ ಊರಿನಲ್ಲಿ ಸಮತಟ್ಟಾದ ಜಾಗವೆಂದರೆ ಒಂದೇ: ಚರ್ಚಿಗೇ ಸೇರಿದ, ಅದರ ಹಿಂದಿನ ಬೇಸ್‌ಬಾಲ್ ಮೈದಾನ. ಅದನ್ನು ಸಮತಟ್ಟು ಮಾಡಿದವನು ಲಿಯಾಂಡರನ ಅಪ್ಪ. ಎರಡು ಬೇಸಿಗೆ ಕುದುರೆ ಕಟ್ಟಿ, ಕಲ್ಲು ಕಿತ್ತು, ಮಣ್ಣು ಎಳೆದಿದ್ದ. ಪಥ ಬಂದರೆ ಮೈದಾನ ಹೋಗುತ್ತದೆ. ಮಂಡಳಿಯ ಅರ್ಧದಷ್ಟು ಜನ ಆಗಲೇ ಮೇಷ್ಟರ ಕಡೆ ವಾಲಿದ್ದರು.

ವಾಲದೆ ಉಳಿದವರನ್ನು ವಾಲಿಸಿದ್ದು ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಹಬ್ಬದ ಓಟ. ಬೇಸ್‌ಬಾಲಿನವರಲ್ಲಿ ಯಾರಾದರೂ ಬನ್ನಿ, ನೂರು ಗಜ ನನ್ನ ಜೊತೆ ಓಡಿ ಎಂದು ಹಾಲ್ವರ್ ಕರೆದ. ತಂಡದ ಹುರುಪಿನವರೆಲ್ಲ ಹಿಂದೆ ಸರಿದಾಗ, ಕೋಳಿಯ ಮಾತು ಇನ್ನೂ ಮರೆಯದ ಲಿಯಾಂಡರ್ ಟೋಪಿ ತೆಗೆದು ಗೆರೆಯ ಮೇಲೆ ನಿಂತ.

ಮೊದಲ ತೊಂಬತ್ತು ಅಡಿ ಅವನು ಮೇಷ್ಟರಿಗೆ ಭುಜಕ್ಕೆ ಭುಜ ಕೊಟ್ಟು ಓಡಿದ. ಆ ದಪ್ಪ ಸೊಂಟದಲ್ಲಿ ಅಷ್ಟು ಸಿಡಿತ ಎಲ್ಲಿತ್ತೆಂದು ಜನ ಬಾಯಿ ತೆರೆದರು. ಆದರೆ ತೊಂಬತ್ತನೆಯ ಅಡಿಯಲ್ಲಿ, ಯಾರೋ ಕೂತೆದ್ದು ಬಿಟ್ಟುಹೋದ ಬಿಳಿಯ ಹಿಟ್ಟಿನ ಚೀಲವೊಂದು ಹುಲ್ಲಿನ ಮೇಲೆ ಬಿದ್ದಿತ್ತು. ಬೇಸ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ ಇರುವ ದೂರ ತೊಂಬತ್ತು ಅಡಿ. ಬೇಸೆಂದರೆ ನೆಲದ ಮೇಲಿನ ಬಿಳಿಯ ಚೀಲ. ಅದನ್ನು ಮೆಟ್ಟಿದವನು ಎಡಕ್ಕೆ ತಿರುಗಿ ಮುಂದಿನ ಬೇಸಿಗೆ ಓಡಬೇಕು. ಲಿಯಾಂಡರನ ಕಾಲು ಚೀಲದ ಒಳಮೂಲೆಯನ್ನು ಮೆಟ್ಟಿತು. ಎಡ ಭುಜ ತಗ್ಗಿತು. ಹತ್ತೊಂಬತ್ತು ಬೇಸಿಗೆಯ ಅಭ್ಯಾಸ ಅವನನ್ನು ಕೇಳದೆಯೇ ಎಡಕ್ಕೆ ಹೊರಳಿಸಿ, ನೇರ ನಿಂಬೆ ಷರಬತ್ತಿನ ಮೇಜಿನ ಎದುರು ತಂದು ನಿಲ್ಲಿಸಿತು. ಅತ್ತ ಹಾಲ್ವರ್ ಒಬ್ಬನೇ ಗುರಿ ಮುಟ್ಟಿದ.

ಮೇಜಿನ ಹಿಂದೆ ಲೋಟ ಹಿಡಿದು ನಿಂತಿದ್ದವರು ಫಾದರ್ ಕಾಸ್ಪರ್. “ಲಿಯಾಂಡರ್, ಎರಡನೇ ಬೇಸ್ ಈಚೆಗೆ ಇಲ್ಲಿಗೆ ಬಂದಿದೆಯೇನಪ್ಪಾ?” ಎಂದು ಅವರು ಕೇಳಿದ್ದು ಸಂಜೆಯೊಳಗೆ ಊರೆಲ್ಲ ಸುತ್ತಿತು. ನೆಟ್ಟಗೆ ಓಡಲೂ ಬಾರದವರ ಆಟಕ್ಕೆ ಇಷ್ಟು ನೆಲ ಏಕೆ ಎಂದು ಮಂಡಳಿಯ ಹಿರಿಯರು ನಗುತ್ತಲೇ ಕೇಳತೊಡಗಿದರು. ನಗುತ್ತ ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಮುಂದಿನ ಮಂಗಳವಾರ ಮಂಡಳಿಯ ಸಭೆಯಲ್ಲಿ ಲಿಯಾಂಡರ್ ಜೀವನದಲ್ಲಿ ಮೊದಲ ಬಾರಿಗೆ ಎದ್ದುನಿಂತು ಮಾತನಾಡಿದ.

“ಮೇಷ್ಟ್ರು ಅವರ ಕೆಲಸಕ್ಕೆ ಕರೆದ್ರು, ಹೋದೆ, ಸೋತೆ. ಈಗ ನನ್ನ ಕೆಲಸಕ್ಕೆ ಅವರು ಒಂದ್ಸಲ ಬರ್ಲಿ. ಬ್ಯಾಟ್ ಹಿಡಿಯೋದು ಬೇಡ, ಓಡೋದು ಬೇಡ. ಆಗಸ್ಟಿನ ಚರ್ಚ್ ಜಾತ್ರೆ ದಿನ ಮಾರ್ಟಿನ್‌ಡೇಲ್ ಊರಿನವರ ಮೇಲೆ ಆಟ ಇದೆಯಲ್ಲ, ಅವತ್ತು ನಾನು ಕೂರೋ ಕಡೆ ಕೂತು ಆಟದ ಒಂಬತ್ತೂ ಇನ್ನಿಂಗ್ಸ್ ಮುಗಿಸ್ಲಿ. ಮುಗಿಸಿದ್ರೆ ಪಥಕ್ಕೆ ನಾನೇ ನೇಗಿಲು ತರ್ತೀನಿ.”

“ಕೂರೋದು ತಾನೇ?” ಎಂದ ಹಾಲ್ವರ್.

“ಕೂರೋದೇ,” ಎಂದ ಲಿಯಾಂಡರ್. “ಏಳೋದೂ ಇದೆ.”

ಮುಗಿಸದಿದ್ದರೆ ಮನವಿಯನ್ನು ಹಿಂತೆಗೆದುಕೊಳ್ಳುತ್ತೇನೆಂದು ಹಾಲ್ವರ್ ತಾನಾಗಿ ಸೇರಿಸಿದ. ಫಾದರ್ ಕಾಸ್ಪರ್ ಎರಡೂ ಮಾತುಗಳನ್ನು ಬರೆದುಕೊಂಡರು.

ಜಾತ್ರೆಯ ಹಿಂದಿನ ದಿನ ಲಿಯಾಂಡರ್ ತನ್ನ ಎದೆಗವಚ, ಮೊಣಕಾಲುಗಾಪು, ಮುಖದ ಜಾಲರಿಗಳನ್ನು ತಾನೇ ಹೊತ್ತು ತಂದು ಮೇಷ್ಟರಿಗೆ ಕಟ್ಟಿಕೊಟ್ಟ. ಗೊತ್ತಿಲ್ಲದವನನ್ನು ಹಾಗೇ ತಳ್ಳಿ ಗೆಲ್ಲುವುದು ಅವನಿಗೆ ಒಗ್ಗದ ಸಂಗತಿ. ಬಲಗೈ ಮುಷ್ಟಿ ಕಟ್ಟಿ ಬೆನ್ನ ಹಿಂದೆ ಇಡುವುದು, ತೊಡೆಗಳ ನಡುವೆ ಬೆರಳು ತೋರಿಸಿ ಪಿಚರಿಗೆ ಸೂಚನೆ ಕೊಡುವುದು, ಒಂದು ಬೆರಳಿಗೆ ನೇರ ಚೆಂಡು, ಎರಡಕ್ಕೆ ಬಾಗುವ ಚೆಂಡು, ಎಲ್ಲವನ್ನೂ ಹೇಳಿಕೊಟ್ಟ. ನೆತ್ತಿಯ ಮೇಲೆ ಹಿಂದಕ್ಕೆ ಚಿಮ್ಮಿದ ಚೆಂಡು ಬೀಳುವಾಗ ಮೈದಾನದ ಕಡೆಗೇ ತಿರುಗಿ ಬರುತ್ತದೆ, ಅದನ್ನು ಅಟ್ಟಿಕೊಂಡು ಹೋಗದೆ ಪಿಚರಿಗೆ ಬೆನ್ನು ಮಾಡಿ ಕಾಯಬೇಕು ಎಂದೂ ಹೇಳಿದ. ಹೇಳಿದ್ದನ್ನು ಕೇಳಿದ್ದು ಕಿವಿ, ಕಲಿಯಬೇಕಾಗಿದ್ದದ್ದು ಕಾಲು.

ಕೊನೆಯ ಪಾಠ ಒಂದೇ ಮಾತಿನದು. “ಬ್ಯಾಟ್ ಬೀಸಿದಾಗ ಕಣ್ಣು ಮುಚ್ಚಬಾರದು.”

“ಮುಖದ ಮುಂದೆ ದೊಣ್ಣೆ ಬೀಸಿದ್ರೆ ಯಾರಾದ್ರೂ ಮುಚ್ತಾರೆ. ಅದು ಮನುಷ್ಯನ ಸ್ವಭಾವ.”

“ಹೌದು,” ಎಂದ ಲಿಯಾಂಡರ್. “ಅದನ್ನ ಬಿಟ್ಟ ಮೇಲೆ ಕ್ಯಾಚರ್ ಆಗೋದು.”

ಜಾತ್ರೆಯ ದಿನ ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಸುಟ್ಟ ವಾಸನೆ ಹೊಡೆಯುತ್ತಿತ್ತು. ಹಂದಿಮಾಂಸದ ಸಾಸೇಜು, ಹುಳಿ ಬರಿಸಿದ ಎಲೆಕೋಸು ತಿಂದು ಮುಗಿಸಿದ ಜನ ಬಿಯರಿನ ಲೋಟ ಹಿಡಿದು ಎರಡೂ ಬದಿಯ ಗೆರೆಗಳುದ್ದಕ್ಕೂ ಕೂತರು. ಪಿಚರ್ ಅಲಾಯ್ಸ್, ಲಿಯಾಂಡರನ ಹೆಂಡತಿ ಓಟಿಲಿಯಾಳ ತಮ್ಮ. ಲಿಯಾಂಡರ್ ಆಟಗಾರರ ಬೆಂಚಿನ ತುದಿಯಲ್ಲಿ, ಏನೂ ಕೆಲಸವಿಲ್ಲದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೂತ.

ಮೊದಲ ಮೂರು ಇನ್ನಿಂಗ್ಸಿನಲ್ಲಿ ಮೇಷ್ಟರು ಹಿಡಿದ ಚೆಂಡುಗಳಿಗಿಂತ ಮೇಷ್ಟರನ್ನು ಹಿಡಿದ ಚೆಂಡುಗಳೇ ಹೆಚ್ಚು. ಒಂದು ಹೆಗಲಿಗೆ, ಒಂದು ತೊಡೆಗೆ, ಒಂದು ಗಂಟಲ ಕೆಳಗೆ. ಜನ ನಕ್ಕು ನಕ್ಕು ಸುಸ್ತಾದರು. ಆದರೆ ನಾಲ್ಕನೆಯದರಲ್ಲಿ ನಗು ಕಡಿಮೆಯಾಯಿತು, ಐದನೆಯದರಲ್ಲಿ ನಿಂತೇಹೋಯಿತು. ಹಾಲ್ವರ್ ಬಿದ್ದ ಚೆಂಡಿನ ಮೇಲೆ ಮೈ ಒಡ್ಡುವುದನ್ನು ಕಲಿತಿದ್ದ. ಪ್ರತಿ ಎಸೆತಕ್ಕೂ ಕೂತು, ಎದ್ದು, ಚೆಂಡು ಹಿಂದಿರುಗಿಸಿ, ಮತ್ತೆ ಕೂರುತ್ತಿದ್ದ. ಆರನೆಯದು ಮುಗಿದಾಗ ಲಿಯಾಂಡರನಿಗೆ ಖಾತ್ರಿಯಾಯಿತು. ಈ ಮನುಷ್ಯ ಮುಗಿಸಿಬಿಡುತ್ತಾನೆ. ಅಪ್ಪ ಸಮತಟ್ಟು ಮಾಡಿದ ನೆಲಕ್ಕೆ ತಾನೇ ನೇಗಿಲು ಹೂಡಬೇಕಾಗುತ್ತದೆ.

ಅದೇ ಯೋಚನೆ ಅಲಾಯ್ಸನಿಗೂ ಬಂದಿತ್ತು. ಎಲ್‌ಬಾಕಿನವರ ಬ್ಯಾಟಿಂಗ್ ಸರದಿ ಬಂದಾಗ ಅವನು ಲಿಯಾಂಡರನ ಪಕ್ಕಕ್ಕೆ ಸರಿದು ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ.

“ಭಾವ, ಅವನು ಒಂದು ಬೆರಳು ತೋರಿಸ್ಲಿ. ನಾನು ಬಾಗೋದನ್ನ ಮಣ್ಣಿಗೆ ಹೊಡೀತೀನಿ. ಒಂದು ಸಾಕು. ಹೆಬ್ಬೆರಳು ಹೋಗುತ್ತೆ, ಮೈದಾನ ಉಳಿಯುತ್ತೆ.”

ಲಿಯಾಂಡರ್ ತನ್ನ ಸೊಟ್ಟ ಬೆರಳುಗಳನ್ನು ನೋಡಿದ. ಅವುಗಳಲ್ಲಿ ಒಂದು ಮುರಿದದ್ದು ಅಂಥದೇ ಚೆಂಡಿಗೆ; ಅದು ಬೇಕೆಂದು ಎಸೆದದ್ದೋ ತಪ್ಪಿ ಬಂದದ್ದೋ, ಇಂದಿಗೂ ಅವನಿಗೆ ಗೊತ್ತಿಲ್ಲ.

“ಆ ಜಾಲರಿ ಹಾಕ್ಕೊಂಡವನು ಯಾರೇ ಆಗ್ಲಿ, ಅವನು ನಿನ್ನ ಕ್ಯಾಚರ್,” ಎಂದ. “ನಿನ್ನ ನಂಬಿ ಕೈ ಚಾಚಿದಾನೆ. ಅವನು ಕೇಳಿದ್ದನ್ನೇ ಎಸಿ. ಇಲ್ಲಾಂದ್ರೆ ನಾಳೆಯಿಂದ ನಾನು ನಿಂಗೆ ಕೂರೋದಿಲ್ಲ.”

ಅಲಾಯ್ಸ್ ಉಗುಳಿದ, ಪ್ಯಾಂಟ್ ಮೇಲಕ್ಕೆಳೆದುಕೊಂಡ, ಹೋಗಿ ಕೇಳಿದ್ದನ್ನೇ ಎಸೆದ. ಏಳನೆಯ ಇನ್ನಿಂಗ್ಸೂ ಮುಗಿಯಿತು.

ಎಂಟನೆಯದರಲ್ಲಿ ಮಾರ್ಟಿನ್‌ಡೇಲಿನ ಬ್ಯಾಟಿನ ಅಂಚಿಗೆ ತಾಗಿದ ಚೆಂಡೊಂದು ಹಿಂದಕ್ಕೆ, ಆಕಾಶಕ್ಕೆ ಚಿಮ್ಮಿತು. ಹಾಲ್ವರ್ ಜಾಲರಿ ಕಿತ್ತೆಸೆದು ಜಿಂಕೆಯಂತೆ ಓಡಿದ. ಅಷ್ಟು ಚೆಂದದ ಓಟವನ್ನು ಆ ಮೈದಾನ ಕಂಡಿರಲಿಲ್ಲ. ಹಿಂದಿನ ಬೇಲಿಯ ಬಳಿ, ಚೆಂಡಿನ ನೇರ ಕೆಳಗೆ ಹೋಗಿ ಕೈಯೊಡ್ಡಿ ನಿಂತ. ಚೆಂಡು ಮಾತ್ರ ಮೇಲಿನಿಂದ ಇಳಿಯುತ್ತ ಇಳಿಯುತ್ತ ಮೈದಾನದ ಕಡೆಗೆ ಬಾಗಿ ಬಂತು. ಹಾಲ್ವರ್ ತಿರುಗಿದ. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದನ್ನು ಕಾಲು ಕೊಡಲಿಲ್ಲ. ಅವನು ಉದ್ದಕ್ಕೆ ಬಿದ್ದ. ಚೆಂಡು ಅವನಿಗಿಂತ ಹನ್ನೆರಡು ಅಡಿ ಈಚೆಗೆ ಬಿತ್ತು.

ಎದ್ದು ಬಂದು ಕೂರಲು ನೋಡಿದ. ತೊಡೆಗಳು ಗಾಳಿಗೆ ಸಿಕ್ಕ ಎಲೆಯಂತೆ ನಡುಗಿದವು. ಮತ್ತೆ ಪ್ರಯತ್ನಿಸಿ ಮೊಣಕಾಲೂರಿದ. ಮೊಣಕಾಲ ಮೇಲೆಯೇ ನಾಲ್ಕು ಚೆಂಡು ಹಿಡಿದು, ಹೇಗೋ ಆ ಇನ್ನಿಂಗ್ಸನ್ನು ದಾಟಿಸಿದ. ಆಮೇಲೆ ಅವನು ಬೆಂಚಿನ ತುದಿಗೆ ನಡೆದು ಬಂದು ಜಾಲರಿಯನ್ನು ಲಿಯಾಂಡರನ ಮುಂದೆ ಹಿಡಿದ.

“ಇನ್ನೊಂದೇ ಇದೆ,” ಎಂದ ಲಿಯಾಂಡರ್. “ಮೊಣಕಾಲ ಮೇಲೆ ಮುಗಿಸಿದ್ರೂ ಯಾರೂ ಕೇಳೋದಿಲ್ಲ.”

“ನಾನು ಕೇಳ್ತೀನಿ. ಮೊಣಕಾಲೂರೋದು ಕೂರೋದಲ್ಲ.” ಹಾಲ್ವರ್ ಉಸಿರು ತೆಗೆದುಕೊಂಡ. “ಕಾಲು ಹೋಗಿದ್ದು ದೊಡ್ಡದಲ್ಲ ಹೆಮ್ಮೆಶ್ ಅವ್ರೇ, ಕಾಲನ್ನ ಪಳಗಿಸ್ಬಹುದು. ಬ್ಯಾಟ್ ಬೀಸಿದಾಗಲೆಲ್ಲ ನಾನು ಕಣ್ಣು ಮುಚ್ಚಿದೀನಿ. ಒಂದು ಸಲಾನೂ ತಪ್ಪದೆ. ಇವತ್ತು ನಾನು ಹಿಡಿದ ಚೆಂಡು ಒಂದನ್ನೂ ನೋಡಿಲ್ಲ.”

ಇದನ್ನು ಅವನು ಮೆಲ್ಲಗೆ ಹೇಳಬಹುದಿತ್ತು. ಫಾದರ್ ಕಾಸ್ಪರಿಗೂ ಮಂಡಳಿಯ ಹಿರಿಯರಿಗೂ ಕೇಳುವಂತೆಯೇ ಹೇಳಿದ.

ಲಿಯಾಂಡರ್ ಕಾಪು ಕಟ್ಟಿಕೊಂಡು ಹೋದ. ಬಿಸಿಲಿನಲ್ಲಿ ಎಂಟು ಇನ್ನಿಂಗ್ಸ್ ಸುಮ್ಮನೆ ಕೂತು ಬಿಗಿದಿದ್ದ ಮೈ, ಆದರೂ ತನ್ನ ಮನೆಯ ಮೆಟ್ಟಿಲ ಮೇಲೆ ಕೂರುವವನಂತೆ ಅವನು ಕುಕ್ಕರಗಾಲಿಗೆ ಇಳಿದ. ಮೊದಲ ಚೆಂಡಿಗೆ ಬ್ಯಾಟು ಅವನ ಮೂಗಿನ ಮುಂದೆ ಬೀಸಿಹೋಯಿತು. ಬೆಂಚಿನಿಂದ ಹಾಲ್ವರ್ ಜಾಲರಿಯೊಳಗಿನ ಆ ಎರಡು ಕಣ್ಣುಗಳನ್ನೇ ನೋಡುತ್ತಿದ್ದ. ರೆಪ್ಪೆ ಅಲುಗಲಿಲ್ಲ. ಚೆಂಡು ಕೈಗವಸಿನಲ್ಲಿ ಬಂದೂಕಿನಂತೆ ಸದ್ದು ಮಾಡಿತು. ಎಲ್‌ಬಾಕ್ ಆ ಆಟವನ್ನು ಗೆದ್ದಿತು. ಎಷ್ಟು ರನ್ನಿನಿಂದ ಎಂಬುದು ಯಾರಿಗೂ ನೆನಪಿಲ್ಲ. ಮೈದಾನ ಉಳಿಯಿತು.

ಗುರುವಾರ ಸಂಜೆ ಹಾಲ್ವರ್ ಕುಂಟುತ್ತ ಬೆಣ್ಣೆ ಕಾರ್ಖಾನೆಯ ಅಂಗಳಕ್ಕೆ ಬಂದ. ಕಣ್ಣು ಮುಚ್ಚದಿರುವುದನ್ನು ಹೇಗೆ ಕಲಿಯುತ್ತಾರೆಂದು ಕೇಳಿದ. ಲಿಯಾಂಡರ್ ಅವನನ್ನು ಹಾಲಿನ ಕ್ಯಾನಿನ ಮೇಲೆ ಕೂರಿಸಿ, ಮುಖಕ್ಕೆ ಜಾಲರಿ ಹಾಕಿ, ಓಟಿಲಿಯಾಳ ಕೈಗೆ ಉದ್ದನೆಯ ಪೊರಕೆ ಕೊಟ್ಟ. ಅವನ ಅಪ್ಪ ಅವನಿಗೆ ಕಲಿಸಿದ್ದೂ ಹಾಗೆಯೇ.

“ಎರಡು ವರ್ಷ ಹಿಡಿಯುತ್ತೆ,” ಎಂದಳು ಓಟಿಲಿಯಾ, ಪೊರಕೆ ಬೀಸುತ್ತ. “ಇವ್ರಿಗೆ ಮೂರು ಹಿಡೀತಂತೆ.”

ಅರ್ಧ ಗಂಟೆಯ ನಂತರ ಸರದಿ ಬದಲಾಯಿತು. ಪಾಠಕ್ಕೆ ಪಾಠ ಎಂದು ಹಾಲ್ವರ್, ಅಂಗಳದಾಚೆಯ ಬಯಲಿನ ಕೊನೆಯ ಕಂಬ ತೋರಿಸಿ, ಅದೊಂದನ್ನೇ ನೋಡುತ್ತ ನೇರ ಓಡುವಂತೆ ಹೇಳಿದ. ಹುಲ್ಲಿನ ಮೇಲೆ ಒಂದು ಚಿಂದಿಯೂ ಇರದಂತೆ ತಾನೇ ಗುಡಿಸಿದ. ಲಿಯಾಂಡರ್ ಬಾಣದಂತೆ ಚಿಮ್ಮಿದ. ಮೂವತ್ತಡಿ, ಅರವತ್ತಡಿ, ತೊಂಬತ್ತು.

ಎಡ ಭುಜ ಮೆಲ್ಲಗೆ ತಗ್ಗಿತು.