ಫ್ರಿಜ್ಜಿನ ಬೀಗ

"ಬೇವರ್ಸಿ, ನಿನ್ನ ಅಪ್ಪನ ಆಸ್ಪತ್ರೆಯಾ ಅದು? ನಾನು ಬರುವವರೆಗೆ ಆ ಔಷಧಿ ಮುಟ್ಟಿದ್ರೆ ನೋಡು. ಪುತ್ತೂರಿಗೆ ಕಳಿಸು."

ಡಾಕ್ಟರು ಫೋನಿಟ್ಟರು. ಸರ್ಕಾರದ ಸಂಬಳ ತಿಂದು ಪುತ್ತೂರಿನ ಸ್ವಂತ ಕ್ಲಿನಿಕ್ಕಿನಲ್ಲಿ ಕೂರುವ ಮಹಾನುಭಾವರಿಗೆ ಕಡಬದ ಕಡೆಯ ಈ ಸಣ್ಣ ಆಸ್ಪತ್ರೆ ನೆನಪಾಗುವುದು ಬೈಯುವಾಗ ಮಾತ್ರ. ಗುತ್ತಿಗೆಯ ನರ್ಸ್ ಝೈನಬ ಮಂಚದತ್ತ ತಿರುಗಿದಳು. ರಬ್ಬರ್ ಟ್ಯಾಪಿಂಗಿನ ಸುಂದರಿ ಮಲಗಿದ್ದಳು. ಮುಂಜಾನೆ ಮರ ಗೀರುವಾಗ ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಕಚ್ಚಿತ್ತು. ಕಾಲು ಮೊಣಕಾಲಿನವರೆಗೆ ಬಾತು, ವಸಡಿನಿಂದ ರಕ್ತ ಇಳಿಯುತ್ತಿತ್ತು.

"ಇಷ್ಟು ತಡ ಯಾಕೆ ಮಾಡಿದ್ದು ಬಾಬಣ್ಣ?"

ಅವಳ ಗಂಡ ಬಾಬು ತಲೆ ಎತ್ತಲಿಲ್ಲ. "ತೋಟದ ಕೃಷ್ಣಮೋಹನ ಧಣಿಗಳು ಬಿಡ್ಲಿಲ್ಲ ಸಿಸ್ಟರ್. ಗೆರಟೆಯಲ್ಲಿ ರಬ್ಬರ್ ಹಾಲು ಹೆಪ್ಪುಗಟ್ತದೆ, ಎಲ್ಲ ತೆಗೆದಿಟ್ಟು ಹೋಗಿ ಅಂತ ಹೇಳಿದ್ರು. ಇವಳು ಕುಂಟಿಕೊಂಡೇ ತೆಗೆದ್ಲು. ನಾನೂ ಹೂಂ ಅಂದೆ. ನನ್ನ ಬಾಯಿಗೆ ಮಣ್ಣು ಬೀಳ್ಲಿ."

ಆಂಬುಲೆನ್ಸ್ ಸುಬ್ರಹ್ಮಣ್ಯಕ್ಕೆ ಹೋಗಿತ್ತು. ಕಳೆದ ಮಳೆಗಾಲದಲ್ಲಿ ಮೀನು ಮಾರುವ ಉಸ್ಮಾನ್ ಹೀಗೇ ಹಾವು ಕಚ್ಚಿಸಿಕೊಂಡು ಬಂದಿದ್ದ. ಡಾಕ್ಟರ ಮಾತು ಕೇಳಿ ಝೈನಬ ಅವನನ್ನು ರಿಕ್ಷಾ ಹತ್ತಿಸಿ ಕಳಿಸಿದ್ದಳು. ಪುತ್ತೂರಿನ ದಾರಿಯಲ್ಲಿ ಸವಣೂರು ದಾಟುವ ಮೊದಲೇ ಜೀವ ಹೋಯಿತು. ಮರುದಿನ ಇದೇ ಡಾಕ್ಟರು ಊರವರ ಎದುರು, "ನರ್ಸಂತೆ ನರ್ಸು. ಒಂದು ಇಂಜೆಕ್ಷನ್ ಕೊಡ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದಿದ್ದರು. ಕೊಟ್ಟರೂ ಬೈಗುಳ, ಕೊಡದಿದ್ದರೂ ಬೈಗುಳ. ಉಸ್ಮಾನನ ಹೆಂಡತಿಯ ಮುಖ ನೋಡುವ ಧೈರ್ಯ ಅವಳಿಗೆ ಇವತ್ತಿಗೂ ಇಲ್ಲ.

ಸುಂದರಿ ಕೆಂಪಗೆ ಉಗುಳಿದಳು. "ಸಿಸ್ಟರ್, ನಾನು ಸಾಯ್ತೇನಾ?"

ಹಾವಿನ ಔಷಧಿ ಫ್ರಿಜ್ಜಿನಲ್ಲಿ. ಫ್ರಿಜ್ಜಿಗೆ ಬೀಗ. ಬೀಗದ ಕೈ ಡಾಕ್ಟರ ಕಿಸೆಯಲ್ಲಿ. ಬಾಬುವಿನ ಸೊಂಟದಲ್ಲಿ ಟ್ಯಾಪಿಂಗ್ ಕತ್ತಿ ಇನ್ನೂ ಹಾಗೇ ಇತ್ತು.

"ಅದು ಕೊಡಿ ಇಲ್ಲಿ," ಎಂದಳು ಝೈನಬ.

ಬೀಗದ ಕೊಂಡಿಗೆ ಕತ್ತಿ ತುರುಕಿ ಮೀಟಿದಳು. ಕತ್ತಿಯ ತುದಿ ಮುರಿಯಿತು, ಕೊಂಡಿಯೂ ಕಿತ್ತು ಬಂತು. ಔಷಧಿಯ ಪುಡಿ ಕರಗಿಸಿ, ಸಲೈನ್ ಬಾಟ್ಲಿಗೆ ಸೇರಿಸಿ, ಸುಂದರಿಯ ನರಕ್ಕೆ ಹನಿ ಬಿಟ್ಟಳು. ಮಂಚದ ಪಕ್ಕದಲ್ಲೇ ಕೂತಳು. ಫೋನು ಬಡಿದುಕೊಳ್ಳುತ್ತಿತ್ತು. ಎತ್ತಲಿಲ್ಲ.

ಮಧ್ಯಾಹ್ನ ಡಾಕ್ಟರು ಬಂದವರು ಮಂಚದತ್ತ ನೋಡುವ ಮೊದಲು ಫ್ರಿಜ್ಜಿನತ್ತ ನೋಡಿದರು.

"ಯಾವ ರಂಡೆ ಬೀಗ ಒಡೆದದ್ದು?"

"ನಾನು."

"ನಾಳೆಯಿಂದ ನಿಂಗೆ ಕೆಲಸ ಇಲ್ಲ. ಏಳು ಅಲ್ಲಿಂದ."

"ಆಯ್ತು ಸರ್. ಈ ಬಾಟ್ಲಿ ಮುಗಿಯುವವರೆಗೆ ಏಳುದಿಲ್ಲ."

ಅವಳು ಸುಂದರಿಯ ಕೈ ಹಿಡಿದುಕೊಂಡೇ ಕೂತಳು. ಬೆರಳುಗಳ ಮೇಲೆ ಧಣಿಗಳ ರಬ್ಬರ್ ಹಾಲು ಒಣಗಿ ಅಂಟಿತ್ತು. ಹನಿ ಬೀಳುತ್ತಲೇ ಇತ್ತು. ಝೈನಬಳ ಕೈಯೊಳಗೆ ಸುಂದರಿಯ ಬೆರಳುಗಳು ತಣ್ಣಗಾಗುತ್ತಿದ್ದವು.